24 ಕಡ್ಡಿಯ ಗೂಡುದೀಪ, 48 ಕಡ್ಡಿಯ ಚೀಟಿ

ದೀಪಾವಳಿಗೆ ತೂಗುಹಾಕಲು ನಾವು ಮಾಡಹೊರಟ ಬಿದಿರು-ಕಾಗದದ ಗೂಡುದೀಪಕ್ಕೆ ಬೇಕಾದದ್ದು 24 ಕಡ್ಡಿ. ನಮ್ಮ ಐದನೇ ತರಗತಿಯ ಮಕ್ಕಳು ಚೀಟಿಯಲ್ಲಿ ಬರೆದು ಕೊಟ್ಟದ್ದು 48. ಒಂದು ಗುಂಪಲ್ಲ, ಮೂರೂ ಗುಂಪು. ನಾನು ಏನೂ ಹೇಳದೆ ಚೀಟಿ ತೆಗೆದುಕೊಂಡೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಗರಗಸದ ಬ್ಲೇಡಿನಲ್ಲಿ 144 ಬಿದಿರ ಕಡ್ಡಿ ಕತ್ತರಿಸಿದೆ. ಹೆಬ್ಬೆರಳ ಬುಡದಲ್ಲಿ ಎದ್ದ ಗುಳ್ಳೆ ಹಬ್ಬ ಮುಗಿಯುವವರೆಗೂ ಇತ್ತು.

ಯಾಕೆ ಹೇಳಲಿಲ್ಲ ಅಂತ ಆಮೇಲೆ ಮನೆಯವರು ಕೇಳಿದರು. ಹೇಳಿದ್ದರೆ ಮಕ್ಕಳು 48 ಹೊಡೆದುಹಾಕಿ 24 ಬರೆಯುತ್ತಿದ್ದರು, ಅಷ್ಟೇ. ಬೋರ್ಡಿನ ಮೇಲೆ ಅದನ್ನೇ ತಾನೇ ವರ್ಷವಿಡೀ ಮಾಡುವುದು.

ಮಂಗಳೂರಿನ ಹೊರವಲಯದ ಒಂದು ಕನ್ನಡ ಮಾಧ್ಯಮ ಶಾಲೆ ನಮ್ಮದು. ಐದನೇ ತರಗತಿಯಲ್ಲಿ 18 ಮಕ್ಕಳು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ. ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಮಾತ್ರ ಎಲ್ಲರೂ ತುಳು. ದಸರಾ ರಜೆಗೆ ಮೊದಲೇ ಸುತ್ತಳತೆ ಮತ್ತು ವಿಸ್ತೀರ್ಣದ ಪಾಠ ಮುಗಿಸಿದ್ದೆ. ಮುಗಿಸಿದ್ದೇನೆ ಅಂತ ನನ್ನ ಡೈರಿ ಹೇಳುತ್ತದೆ. ಅಕ್ಟೋಬರ್ 21, ಸೋಮವಾರ ಒಂದು ಲೆಕ್ಕ ಕೊಟ್ಟು ನೋಡಿದೆ. 12 ಮೀಟರ್ ಉದ್ದ, 8 ಮೀಟರ್ ಅಗಲದ ಮಲ್ಲಿಗೆ ತೋಟಕ್ಕೆ ಸುತ್ತ ಬೇಲಿ ಹಾಕಬೇಕು, ಬೇಲಿ ಎಷ್ಟು ಉದ್ದ? 18ರಲ್ಲಿ 11 ಮಕ್ಕಳು 96 ಅಂತ ಬರೆದರು. ಗುಣಾಕಾರ ಸರಿ, ಉತ್ತರ ತಪ್ಪು. ಸೂತ್ರ ಕೇಳಿದರೆ ಎರಡನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಯಾವುದು ಎಲ್ಲಿಗೆ ಅಂತ ಗೊತ್ತಿಲ್ಲ. ಎರಡು ಸಂಖ್ಯೆ ಪಕ್ಕಪಕ್ಕ ಕಂಡರೆ ಸಾಕು, ಗುಣಿಸುವುದು.

ಪರ್ಬ, ಅಂದರೆ ದೀಪಾವಳಿ, ಹತ್ತಿರ ಬಂದಿತ್ತು. 2024ರಲ್ಲಿ ಅಕ್ಟೋಬರ್ 31ಕ್ಕೆ ನರಕ ಚತುರ್ದಶಿ, ನವೆಂಬರ್ 1ಕ್ಕೆ ರಾಜ್ಯೋತ್ಸವ, 2ಕ್ಕೆ ಬಲಿಪಾಡ್ಯ. ನಮ್ಮ ಕಡೆ ದೀಪಾವಳಿ ಅಂದರೆ ಗೂಡುದೀಪ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಗೂಡುದೀಪ ಸ್ಪರ್ಧೆ ನಡೆಯುತ್ತದೆ, ತರಗತಿಯ ಅರ್ಧ ಮಕ್ಕಳು ಅದನ್ನು ನೋಡಿದವರೇ. ಭತ್ತ, ಬೇಳೆಕಾಳು ಅಂಟಿಸಿ ಮಾಡಿದ ಗೂಡುದೀಪದ ಎದುರು ನಿಂತು ಫೋಟೋ ತೆಗೆಸಿಕೊಂಡವರು. ಆದರೆ ಕೈಯಾರೆ ಮಾಡಿದವರು ಇಬ್ಬರೇ. ಉಳಿದವರ ಮನೆಯಲ್ಲಿ ಅಂಗಡಿಯಿಂದ ತಂದ ಪ್ಲಾಸ್ಟಿಕ್ ನಕ್ಷತ್ರ.

ಹಳೆಯ ಕ್ರಮದ ಗೂಡುದೀಪದಲ್ಲಿ ಇರುವುದು ಎರಡೇ ಸಾಮಾನು: ಬಿದಿರು, ಕಾಗದ. ಬಿದಿರು ಅಂಚಿಗೆ, ಕಾಗದ ಮೈಗೆ. ನನಗೆ ಬೇಕಾದದ್ದೂ ಅದೇ. ಅಂಚಿನ ಲೆಕ್ಕ ಬೇರೆ, ಮೈಯ ಲೆಕ್ಕ ಬೇರೆ. ಒಂದಕ್ಕೆ ಒಂದು ಚೀಟಿ, ಇನ್ನೊಂದಕ್ಕೆ ಇನ್ನೊಂದು ಚೀಟಿ. ದಿನಸಿ ಅಂಗಡಿಗೆ ಹೋಗುವ ಹಾಗೆ ಬರೆದು ಕೊಡಿ, ಬರೆದಷ್ಟೇ ತರುತ್ತೇನೆ, ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ ಅಂದೆ. ಆರಾರು ಮಕ್ಕಳ ಮೂರು ಗುಂಪು, ಗುಂಪಿಗೆ ಒಂದು ಗೂಡುದೀಪ.

ಆಕಾರ ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಮಾಡುತ್ತಿದ್ದುದೇ. ಆರು ಚೌಕ, ಎಂಟು ತ್ರಿಭುಜ. ಚೌಕಗಳು ಮೂಲೆಗೆ ಮೂಲೆ ತಾಗಿ ನಿಲ್ಲುತ್ತವೆ. ಎಲ್ಲ ಬಾಹುವೂ 20 ಸೆಂ.ಮೀ. ಮಂಗಳವಾರ ಡ್ರಾಯಿಂಗ್ ಕಾಗದದಲ್ಲಿ ಈ 14 ತುಂಡನ್ನೂ ಕತ್ತರಿಸಿ ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿದೆ. ತಪ್ಪಿನ ಬೀಜ ಬಿದ್ದದ್ದು ಇಲ್ಲೇ, ಬಿತ್ತಿದ್ದು ನಾನೇ. ಬಿಡಿ ತುಂಡು ನೋಡಿದ ಮಕ್ಕಳು ಪ್ರತಿಯೊಂದಕ್ಕೂ ಸುತ್ತಳತೆ ತೆಗೆದರು. ಚೌಕಕ್ಕೆ ನಾಲ್ಕು ಕಡ್ಡಿ, ಆರು ಚೌಕಕ್ಕೆ 24. ತ್ರಿಭುಜಕ್ಕೆ ಮೂರು, ಎಂಟು ತ್ರಿಭುಜಕ್ಕೆ 24. ಒಟ್ಟು 48. ಲೆಕ್ಕ ಚೊಕ್ಕ. ಗುಣಿಸುವ ಬದಲು ಅಂಚುಗಳನ್ನು ಕೂಡಿಸಿದ್ದಾರಲ್ಲ ಅಂತ ನನಗೆ ಒಳಗೊಳಗೇ ಖುಷಿಯೂ ಆಯಿತು.

ಬಿದಿರು ಸಿಕ್ಕಿದ್ದು ಶಾಲೆಯ ಹತ್ತಿರ ಬುಟ್ಟಿ ಹೆಣೆಯುವವರಿಂದ. ಮೂರಡಿ ಉದ್ದದ ಸೀಳು, ಕಿರುಬೆರಳ ಅರ್ಧದಷ್ಟು ಅಗಲ. ಕಟ್ಟುವಾಗ ಎರಡೂ ತುದಿಯಲ್ಲಿ ಅರ್ಧರ್ಧ ಸೆಂ.ಮೀ. ಹೊರಗೆ ಚಾಚಬೇಕು, ಇಲ್ಲದಿದ್ದರೆ ದಾರ ಜಾರುತ್ತದೆ. ಹಾಗಾಗಿ ಕತ್ತರಿಸಿದ್ದು 21 ಸೆಂ.ಮೀ.ಗೆ, ಪೆನ್ಸಿಲ್ ಗುರುತು ಹಾಕಿದ್ದು ಅರ್ಧ ಸೆಂ.ಮೀ. ಒಳಗೆ. ಗುರುತಿನಿಂದ ಗುರುತಿಗೆ 20. ಒಂದು ಸೀಳಿನಿಂದ ನಾಲ್ಕು ಕಡ್ಡಿ, ಏಳು ಸೆಂ.ಮೀ.ನಷ್ಟು ತುಂಡು ಬಾಕಿ. ಗಂಟು ಇರುವಲ್ಲಿ ಕತ್ತರಿಸಬೇಡಿ, ಸೀಳಿ ಹೋಗುತ್ತದೆ. ಕತ್ತರಿಸಿದ ಮೇಲೆ ಉಪ್ಪುಕಾಗದದಲ್ಲಿ ಚೆನ್ನಾಗಿ ತಿಕ್ಕಿ. ನಾನು ತಿಕ್ಕಿದ್ದೆ ಅಂದುಕೊಂಡಿದ್ದೆ. ಬುಧವಾರ ಮೊದಲ ಹತ್ತು ನಿಮಿಷದಲ್ಲೇ ಇಬ್ಬರ ಬೆರಳಿಗೆ ಸಿಬಿರು ಹೊಕ್ಕಿತು. ಸೇಫ್ಟಿ ಪಿನ್ನು, ಊದುವುದು, ಸ್ವಲ್ಪ ಕಣ್ಣೀರು, ಮತ್ತೆ ಕೆಲಸ.

ಗಂಟು ಹಾಕಲು ಯಾರಿಗೂ ಬರುತ್ತಿರಲಿಲ್ಲ. ಒಬ್ಬಳನ್ನು ಬಿಟ್ಟು. ಅವಳ ಅಮ್ಮ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾರೆ. ಹತ್ತಿ ದಾರವನ್ನು ನೀರಲ್ಲಿ ಅದ್ದಿ, ಎರಡು ಕಡ್ಡಿ ಕೂಡುವಲ್ಲಿ ಅಡ್ಡ ಎರಡು ಸುತ್ತು, ಓರೆ ಎರಡು ಸುತ್ತು, ನಡುವೆ ಎಳೆದು ಒಂದು ಬಿಗಿ. ಒದ್ದೆ ದಾರ ಒಣಗಿದಾಗ ಇನ್ನೂ ಬಿಗಿಯುತ್ತದೆ ಅಂತ ಅವಳೇ ಹೇಳಿದಳು. ಬುಧವಾರ ಸಂಜೆಯೊಳಗೆ ಹದಿನೆಂಟು ಚೌಕ ತಯಾರು. ಅದರಲ್ಲಿ ಹತ್ತು ಅವಳದೇ ಗಂಟು.

ಗುರುವಾರ ಚೌಕಗಳನ್ನು ಮೂಲೆಗೆ ಮೂಲೆ ಕಟ್ಟಲು ಶುರು ಮಾಡಿದೆವು. ಕೆಳಗೊಂದು ಚೌಕ ನೆಲಕ್ಕೆ ಮಲಗಿಸಿ, ಅದರ ನಾಲ್ಕು ಮೂಲೆಗೆ ನಾಲ್ಕು ಚೌಕ ನಿಲ್ಲಿಸಿ ಕಟ್ಟುವುದು. ಅಕ್ಕಪಕ್ಕದ ಚೌಕಗಳ ಮೂಲೆ ಮೂಲೆ ಸೇರಿಸುವುದು. ಕೊನೆಗೆ ಮೇಲೊಂದು ಚೌಕ. ಆರು ಕೈ ಹಿಡಿಯಬೇಕು, ಇಬ್ಬರು ಕಟ್ಟಬೇಕು. ಮೇಲಿನ ಚೌಕದ ಕೊನೆಯ ಗಂಟು ಬಿದ್ದದ್ದೇ ತಡ, ಹೊರಗಿನಿಂದ ನೋಡುತ್ತಿದ್ದ ಹುಡುಗ ಕೂಗಿದ.

"ಟೀಚರ್, ಮೂರು ಮೂಲೆ ಅದರಷ್ಟಕ್ಕೇ ಆಯ್ತು!"

ಎಂಟೂ ತ್ರಿಭುಜ ಅಲ್ಲಿ ಬಂದು ಕೂತಿದ್ದವು. ಯಾರೂ ಕಟ್ಟಿರಲಿಲ್ಲ. ಮೂರು ಚೌಕಗಳ ನಡುವೆ ಉಳಿದ ಖಾಲಿ ಜಾಗವೇ ತ್ರಿಭುಜ. ಅದರ ಮೂರು ಕಡ್ಡಿಯೂ ಪಕ್ಕದ ಚೌಕಗಳದ್ದೇ.

"ಹಾಗಾದ್ರೆ ಬಾಕಿ ಕಡ್ಡಿ ಎಂತ ಮಾಡುದು?"

ಯಾರೂ ಮಾತಾಡಲಿಲ್ಲ. ಒಂದೊಂದು ಗುಂಪಿನ ಪಕ್ಕದಲ್ಲೂ 24 ಕಡ್ಡಿಯ ಕಟ್ಟು. ಒಬ್ಬಳು ಒಂದು ಕಡ್ಡಿ ಮುಟ್ಟಿ, ಬೆರಳನ್ನು ಈಚೆ ಚೌಕಕ್ಕೆ ತೋರಿಸಿದಳು, ಆಚೆ ತ್ರಿಭುಜಕ್ಕೆ ತೋರಿಸಿದಳು. "ಇದು ಇದಕ್ಕೂ ಉಂಟು, ಅದಕ್ಕೂ ಉಂಟು. ನಾವು ಎರಡು ಸಲ ಲೆಕ್ಕ ಮಾಡಿದ್ದು." ಪಕ್ಕದವನು ಕೂಡಲೇ, "ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಒಂದೇ ಪಾಗಾರ" ಅಂದ. ಪಾಗಾರ ಅಂದರೆ ನಮ್ಮ ಕಡೆ ಕಾಂಪೌಂಡ್ ಗೋಡೆ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಈ ಸಂಭ್ರಮ ಹತ್ತು ನಿಮಿಷ. ಒಬ್ಬ ಅದನ್ನು ಮೇಲಿನ ಚೌಕ ಹಿಡಿದು ಎತ್ತಿದ. ಇಡೀ ಗೂಡು ತಿರುಚಿಕೊಂಡು, ಚೌಕಗಳೆಲ್ಲ ಓರೆಯಾಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಮುದುಡಿತು. "ಬೂರ್ಂಡ್!" ಅಂತ ಹಿಂದಿನ ಬೆಂಚಿನಿಂದ ಒಂದು ಸ್ವರ. ತುಳುವಿನಲ್ಲಿ ಬಿತ್ತು ಅಂತ. ಕಡ್ಡಿ ಒಂದೂ ಮುರಿದಿರಲಿಲ್ಲ, ಗಂಟು ಒಂದೂ ಬಿಚ್ಚಿರಲಿಲ್ಲ. ಆದರೂ ಗೂಡು ಇರಲಿಲ್ಲ.

ಚಿಕ್ಕಂದಿನಲ್ಲಿ ನಮ್ಮಪ್ಪ ಏನು ಮಾಡುತ್ತಿದ್ದರು ಅಂತ ನೆನಪು ಮಾಡಿಕೊಳ್ಳುತ್ತಾ ಮನೆಗೆ ಹೋದೆ. ಅವರು ಚೌಕಗಳಿಗೆ ಅಡ್ಡ ದಾರ ಬಿಗಿಯುತ್ತಿದ್ದರು. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ, ಇಷ್ಟು ವರ್ಷ.

ಶುಕ್ರವಾರ ಆ ದಾರಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿಸಿದೆ. ನಿಜ ಹೇಳಬೇಕೆಂದರೆ ಈ ಹತ್ತು ದಿನದಲ್ಲಿ ನನಗೆ ಅತಿ ಇಷ್ಟವಾದ ಅರ್ಧ ಗಂಟೆ ಅದೇ. ಬಿಡಿ ಕಡ್ಡಿಯಲ್ಲಿ ಕಟ್ಟಿದ ಒಂದು ಚೌಕವನ್ನು ಸೆಂಟಿಮೀಟರ್ ಚೌಕಳಿ ಬರೆದ ದೊಡ್ಡ ಹಾಳೆಯ ಮೇಲೆ ಇಟ್ಟೆ. ಒಳಗೆ ಎಷ್ಟು ಮನೆ? ಸಾಲಿಗೆ 20, ಹಾಗೆ 20 ಸಾಲು, 400. ಸುತ್ತ ಎಷ್ಟು? 80 ಸೆಂ.ಮೀ. ಈಗ ಕೆಳಗಿನ ಕಡ್ಡಿ ಒತ್ತಿ ಹಿಡಿದು ಮೇಲಿನದನ್ನು ಮೆಲ್ಲ ಬಲಕ್ಕೆ ತಳ್ಳಿ ಅಂದೆ. ಚೌಕ ವಾಲಿತು. ಎತ್ತರ 16 ಸೆಂ.ಮೀ.ಗೆ ಇಳಿದಾಗ ನಿಲ್ಲಿಸಿದೆವು. ಬಲಗಡೆ ಹೊರಗೆ ಬಿದ್ದ ಮೂಲೆಯನ್ನು ಎಡಗಡೆಯ ಖಾಲಿಗೆ ಇಟ್ಟ ಹಾಗೆ ಎಣಿಸಿ ಅಂದೆ. ಸಾಲಿಗೆ 20, ಆದರೆ ಸಾಲು 16 ಮಾತ್ರ. 320. ಇನ್ನೂ ತಳ್ಳಿದೆವು, ಎತ್ತರ 10. 200. ಕೊನೆಗೆ ಪೂರ್ತಿ ಮಲಗಿಸಿದೆವು. ಕಡ್ಡಿಗೆ ಕಡ್ಡಿ ಅಂಟಿ ನಿಂತಿತು, ಒಳಗೆ ಏನೂ ಇಲ್ಲ.

"ಕಡ್ಡಿ ಎಷ್ಟು ಇತ್ತೋ ಅಷ್ಟೇ ಉಂಟು. ಕಾಗದ ಮಾತ್ರ ಬೇಡ" ಅಂದಳು ಮಲ್ಲಿಗೆ ಕಟ್ಟುವವಳ ಮಗಳು.

ಸುತ್ತಳತೆ 80ರಲ್ಲೇ ಇದೆ, ವಿಸ್ತೀರ್ಣ 400ರಿಂದ ಸೊನ್ನೆಗೆ. ಇದನ್ನು ಮಕ್ಕಳು ನಂಬಲಿಲ್ಲ. ಮತ್ತೆ ಮತ್ತೆ ತಳ್ಳಿ ನೋಡಿದರು. ಹಿಗ್ಗಿಸಿದರೆ 400 ದಾಟುತ್ತದಾ ಅಂತ ಒಬ್ಬ ಎಡಕ್ಕೂ ತಳ್ಳಿದ. ಎಡಕ್ಕೂ ಕಮ್ಮಿಯೇ ಆಯಿತು. ನೆಟ್ಟಗೆ ನಿಂತಾಗಲೇ ಜಾಸ್ತಿ ಅಂತ ಅವನಷ್ಟಕ್ಕೆ ಅವನೇ ಹೇಳಿಕೊಂಡ.

ನೆಟ್ಟಗೆ ನಿಂತಿದೆ ಅಂತ ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟದ್ದು ಮೇಸ್ತ್ರಿಯ ಮಗ. ಮನೆಯ ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ದಾರ ಹಿಡಿಯುವಾಗ ಅಪ್ಪ ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಾರಂತೆ, ಎರಡೂ ಕಡೆ ಒಂದೇ ಬಂದರೆ ಮಟ್ಟ ಸರಿ. ಹಿಡಿದು ನೋಡಿದೆವು. ಸರಿ ಇದ್ದ ಚೌಕದಲ್ಲಿ ಎರಡೂ 28 ಸೆಂ.ಮೀ. ಮೇಲೆ ಮೂರು ಗೆರೆ. ಉಳಿದ ಕಡ್ಡಿಯನ್ನೇ ಅಡ್ಡ ಇಡೋಣ ಅಂತ ಒಂದು ಗುಂಪು ಹೊರಟಿತು. 21 ಸೆಂ.ಮೀ. ಕಡ್ಡಿ 28ಕ್ಕೆ ಎಲ್ಲಿ ಮುಟ್ಟಬೇಕು? ಕೊನೆಗೆ ದಾರವೇ. ಚೌಕಕ್ಕೆ ಎರಡು, ಗೂಡಿಗೆ 12 ಅಡ್ಡ ದಾರ. ಒಂದನ್ನು ಜಾಸ್ತಿ ಎಳೆದರೆ ಚೌಕ ಆ ಕಡೆಗೆ ವಾಲುತ್ತದೆ, ಆದ್ದರಿಂದ ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಮುಗಿದ ಮೇಲೆ ಗೂಡನ್ನು ಎತ್ತಿದರು, ಅಲ್ಲಾಡಿಸಿದರು, ಒಬ್ಬ ತಲೆಗೆ ಹಾಕಿಕೊಂಡ. ಏನೂ ಆಗಲಿಲ್ಲ.

ಶನಿವಾರ ಕಾಗದದ ಚೀಟಿ. ಚೌಕ ಸುಲಭ: 400 ಚದರ ಸೆಂ.ಮೀ., ಆರಕ್ಕೆ 2400. ತ್ರಿಭುಜಕ್ಕೆ ಸೂತ್ರ ಕಲಿಸಿರಲಿಲ್ಲ, ಕಲಿಸಲೂ ಇಲ್ಲ. ಚೌಕಳಿ ಹಾಳೆಯ ಮೇಲೆ ಬರೆದು ಮನೆ ಎಣಿಸಿ ಅಂದೆ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಒಂದು, ಕಮ್ಮಿ ಇದ್ದರೆ ಬಿಡುವುದು. ಮೂರು ಗುಂಪಿಗೆ ಮೂರು ಉತ್ತರ: 171, 176, 180. ಯಾವುದು ಸರಿ ಅಂತ ಜಗಳ, ತುಳುವಿನಲ್ಲಿ. ಆಗ ಒಂದು ಕಾಗದದ ತ್ರಿಭುಜವನ್ನು ತುದಿಯಿಂದ ಬುಡದವರೆಗೆ ನಡುವೆ ಕತ್ತರಿಸಿ, ಒಂದು ಹೋಳನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಜೋಡಿಸಿದೆ. ಆಯತ ಬಂತು. ಅಗಲ 10, ಉದ್ದ 17 ಸೆಂ.ಮೀ. 3 ಮಿ.ಮೀ. 173. 171ರವರು ಗೆದ್ದೆವು ಅಂದರು, ಇರಲಿ.

ಎಂಟು ತ್ರಿಭುಜಕ್ಕೆ 1384. ಎಲ್ಲ ಸೇರಿ 3784 ಚದರ ಸೆಂ.ಮೀ. ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಕಾಗದದ ಒಂದು ಹಾಳೆ ಮಾದರಿಗೆ ತಂದಿಟ್ಟಿದ್ದೆ. ಅಳೆದರು. 51ಕ್ಕೆ 76. ಗುಣಿಸಿದರು. 3876. ಒಂದು ಹಾಳೆ ಸಾಕು, ಇನ್ನೂ 92 ಉಳಿಯುತ್ತದೆ! ಮೂರೂ ಗುಂಪು ಚೀಟಿಯಲ್ಲಿ "ಹಾಳೆ 1" ಅಂತ ಬರೆದವು. ಕಡ್ಡಿಯ ಚೀಟಿ ತಪ್ಪು ಅಂತ ನನಗೆ ಮೊದಲೇ ಗೊತ್ತಿತ್ತು. ಈ ಚೀಟಿಗೆ ಮಾತ್ರ ನಾನೂ ತಲೆದೂಗಿದೆ. ಭಾನುವಾರ ರಥಬೀದಿಗೆ ಹೋಗಿ ಗುಲಾಬಿ ಬಣ್ಣದ ಮೂರು ಹಾಳೆ ತಂದೆ.

ಸೋಮವಾರ ಹಾಳೆಯ ಮೇಲೆ ಚೌಕ ಬರೆಯಲು ಕೂತಾಗ ಮೊದಲ ಪ್ರಶ್ನೆ: ಕಾಗದವನ್ನು ಕಡ್ಡಿಗೆ ಅಂಟಿಸುವುದು ಹೇಗೆ? ಸುತ್ತ ಒಂದು ಸೆಂ.ಮೀ. ಮಡಿಕೆ ಬೇಕಲ್ಲ. ಮಕ್ಕಳಿಗೆ ನಮ್ಮ ತರಗತಿಯ ಹೆಂಚಿನ ಮಾಡು ತೋರಿಸಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಂದಿನಿಂದ ನಮ್ಮೂರ ಹೆಸರೇ ಆ ಹೆಂಚಿಗೆ. ಅಷ್ಟು ಹಳೇ ಕಸುಬಿನಲ್ಲೂ ಹೆಂಚಿನ ಪೂರ್ತಿ ಅಳತೆ ಲೆಕ್ಕಕ್ಕೆ ಬರುವುದಿಲ್ಲ. ಒಂದರ ಅಂಚು ಇನ್ನೊಂದರ ಅಡಿಗೆ ಹೋಗುತ್ತದೆ. ಹಾಗೆಯೇ ಇಲ್ಲೂ. 20ರ ಚೌಕ 22 ಆಯಿತು, 400 ಹೋಗಿ 484 ಆಯಿತು. ಆರಕ್ಕೇ 2904.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 51ರ ಅಗಲದಲ್ಲಿ 22 ಎರಡು ಸಲ ಕೂರುತ್ತದೆ, 76ರ ಉದ್ದದಲ್ಲಿ ಮೂರು ಸಲ. ಆರು ಚೌಕ ಸರಿಯಾಗಿ ಬಂತು. ಉಳಿದದ್ದು ಏಳು ಸೆಂ.ಮೀ. ಅಗಲದ ಒಂದು ಉದ್ದ ಪಟ್ಟಿ, ಹತ್ತು ಸೆಂ.ಮೀ. ಅಗಲದ ಒಂದು ಗಿಡ್ಡ ಪಟ್ಟಿ. ಎರಡೂ ಸೇರಿದರೆ 972 ಚದರ ಸೆಂ.ಮೀ. ಆದರೆ ಒಂದೇ ಒಂದು ತ್ರಿಭುಜ ಅದರಲ್ಲಿ ಬರುವುದಿಲ್ಲ.

"ಲೆಕ್ಕದಲ್ಲಿ ಉಂಟು ಟೀಚರ್, ಕಾಗದದಲ್ಲಿ ಇಲ್ಲ."

ಮಡಿಕೆಯನ್ನು ಬಿಟ್ಟು ನೋಡಿದರೂ ಕತೆ ಅದೇ. 20ರ ಚೌಕ ಇಟ್ಟರೂ ಆ ಹಾಳೆಯಲ್ಲಿ ಆರೇ ಕೂರುವುದು, ಪಟ್ಟಿ ಸ್ವಲ್ಪ ದಪ್ಪ ಉಳಿಯುತ್ತದೆ ಅಷ್ಟೆ. ಶನಿವಾರ ನಾನು ತಲೆದೂಗಿದ ಲೆಕ್ಕ ಮಡಿಕೆಗೆ ಮೊದಲೇ ಬಿದ್ದಿತ್ತು. ಇಪ್ಪತ್ತು ಚಿಲ್ಲರೆ ವರ್ಷದಿಂದ ವಿಸ್ತೀರ್ಣ ಪಾಠ ಮಾಡುತ್ತಿದ್ದೇನೆ. ದರ್ಜಿಯ ಹತ್ತಿರ ಹೋಗಿ ಇಷ್ಟು ಬಟ್ಟೆ ಸಾಕಾ ಅಂತ ಕೇಳಿದರೆ ಅವನು ಗುಣಾಕಾರ ಮಾಡದೆ ಬಟ್ಟೆ ಹರಡಿ ನೋಡುತ್ತಾನೆ. ಅದು ನೆನಪಾಗಬೇಕಿತ್ತು.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹತ್ತಿರದ ಅಂಗಡಿಗೆ ಹೋದೆ. ಗುಲಾಬಿ ಇರಲಿಲ್ಲ, ಹಳದಿ ಮೂರು ಸಿಕ್ಕಿತು. ಚೌಕ ಗುಲಾಬಿ, ತ್ರಿಭುಜ ಹಳದಿ. ಮೊದಲು ಹೀಗೇ ಯೋಚಿಸಿದ್ದೆ ಅಂತ ಹೇಳಿಕೊಳ್ಳುವಷ್ಟು ಚೆನ್ನಾಗಿ ಕಂಡಿತು.

ಮಡಿಕೆ ಸೇರಿಸಿದ ತ್ರಿಭುಜ ಸ್ವಲ್ಪ ದೊಡ್ಡದು. ಬಾಹು 23 ಸೆಂ.ಮೀ. ಐದು ಮಿ.ಮೀ., ಎತ್ತರ 20 ಸೆಂ.ಮೀ. ಮೂರು ಮಿ.ಮೀ. ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ ಕೊಟ್ಟೆ. ಮೊದಲ ಗುಂಪು ಎಲ್ಲವನ್ನೂ ತುದಿ ಮೇಲೆ ಮಾಡಿ ಸಾಲಾಗಿ ಇಟ್ಟಿತು. ಸಾಲಿಗೆ ಮೂರು, ಎರಡು ಸಾಲು, ಆರು. ಎಂಟು ಬೇಕು. ಮತ್ತೆ ಎರಡು ಕಮ್ಮಿ! ಇನ್ನೊಂದು ಸಲ ಅಂಗಡಿಗೆ ಹೋಗಬೇಕಾ ಅಂತ ನಾನು ಪರ್ಸ್ ಮುಟ್ಟಿ ನೋಡಿಕೊಂಡೆ.

ಕಿಟಕಿ ಪಕ್ಕದ ಹುಡುಗಿ, ತೀರಾ ಕಮ್ಮಿ ಮಾತಾಡುವವಳು, ಎದ್ದು ಬಂದಳು. ಅವಳ ಅಜ್ಜಿ ಬೀಡಿ ಕಟ್ಟುತ್ತಾರೆ. ಎಲೆ ಕತ್ತರಿಸಲು ಅವರ ಹತ್ತಿರ ಒಂದು ತಗಡಿನ ಅಳತೆ ಇದೆ. ಎಲೆಯ ಮೇಲೆ ಅದನ್ನು ಇಟ್ಟು, ತಿರುಗಿಸಿ, ಇನ್ನೊಂದು ಮಗ್ಗುಲಿಗೆ ಸರಿಸಿ, ಎಷ್ಟು ತುಂಡು ಬರುತ್ತದೆ ಅಂತ ನೋಡಿದ ಮೇಲೆಯೇ ಕತ್ತರಿ ಹಾಕುವುದು. ಎಲೆ ಹಾಳಾದರೆ ಸಂಜೆ ಲೆಕ್ಕ ಕೊಡುವಾಗ ಬೀಡಿ ಕಮ್ಮಿ ಬೀಳುತ್ತದೆ. ಅವಳು ರಟ್ಟಿನ ಅಚ್ಚನ್ನು ಮೊದಲು ತುದಿ ಮೇಲೆ ಇಟ್ಟು ಗೆರೆ ಎಳೆದಳು. ಎತ್ತಿ, ತಲೆಕೆಳಗು ಮಾಡಿ, ಅದೇ ಓರೆ ಗೆರೆಗೆ ತಾಗಿಸಿ ಇಟ್ಟಳು. ಮತ್ತೆ ತುದಿ ಮೇಲೆ. ಮತ್ತೆ ಕೆಳಗೆ. ಸಾಲಿಗೆ ಐದು ಬಂತು. ಎರಡು ಸಾಲಿಗೆ ಹತ್ತು. ಎಂಟು ತೆಗೆದು ಎರಡು ಮಿಕ್ಕಿತು.

ಅದೇ ಕಾಗದ, ಅದೇ ಅಚ್ಚು. ಅಜ್ಜಿಗೆ ಹೇಳು, ಟೀಚರ್ ಕಲಿತರು ಅಂತ, ಅಂದೆ. ಹೇಳಿದಳೋ ಇಲ್ಲವೋ.

ಅಂಟು ಮಾಡಿದ್ದು ಅಡುಗೆಯ ಅಕ್ಕ. ಒಂದು ಲೋಟ ತಣ್ಣೀರಿಗೆ ಎರಡು ದೊಡ್ಡ ಚಮಚ ಮೈದಾ, ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಬಿಳಿ ಹೋಗಿ ಕನ್ನಡಿಯ ಹಾಗೆ ಹೊಳೆದಾಗ ಇಳಿಸುವುದು. ಹಿಂದೆ ಇದಕ್ಕೆ ಹುಳ ಬೀಳದಿರಲಿ ಅಂತ ಮೈಲುತುತ್ತು ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಬೇಡ. ನಾವು ಹಾಕಲಿಲ್ಲ.

ಮಂಗಳವಾರ ಅಂಟಿಸುವ ಕೆಲಸ. ಚೌಕ ಮೊದಲು, ತ್ರಿಭುಜ ಮೇಲೆ. ಮಡಿಕೆಯ ಮೂಲೆಗಳನ್ನು ಕತ್ತರಿಯಿಂದ ಓರೆಯಾಗಿ ತೆಗೆದರೆ ಮುದ್ದೆ ಕಟ್ಟುವುದಿಲ್ಲ. ಅಂಟು ಕಡ್ಡಿಗೆ ಮಾತ್ರ, ಕಾಗದಕ್ಕೆ ಅಲ್ಲ. ಒದ್ದೆಯಾದ ತೆಳು ಕಾಗದ ಕೈ ತಾಗಿದರೆ ಹರಿಯುತ್ತದೆ. ಉಳಿದ ಗುಲಾಬಿ ಪಟ್ಟಿಯಲ್ಲಿ ಕೆಳಗಿನ ಚೌಕದ ಸುತ್ತ ಝಾಲರಿ ಮಾಡೋಣ ಅಂದರು. ಪಟ್ಟಿ 76, ಚೌಕದ ಸುತ್ತ 80. "ನಾಲ್ಕು ಕಮ್ಮಿ" ಅಂತ ಅಂಟಿಸುವ ಮೊದಲೇ ಒಬ್ಬ ಹೇಳಿದ. ಹತ್ತರ ಪಟ್ಟಿಯಿಂದ ತುಂಡು ತೆಗೆದು ಸೇರಿಸಿದರು. ಅವನು ಸೋಮವಾರದ ಬೇಲಿ ಲೆಕ್ಕದಲ್ಲಿ 96 ಬರೆದವರಲ್ಲಿ ಒಬ್ಬ.

ಮೊದಲ ಗುಂಪು ಎಲ್ಲ 14 ಮುಖಕ್ಕೂ ಕಾಗದ ಹಚ್ಚಿ, ಕೈ ಒರೆಸಿಕೊಂಡು, ಹೆಮ್ಮೆಯಿಂದ ನಿಂತಿತು. ಆಗ ಯಾರೋ ಕೇಳಿದರು, "ಬಲ್ಬ್ ಎಲ್ಲಿಂದ ಹಾಕುದು?"

ಮೇಲಿನ ಚೌಕದ ಕಾಗದವನ್ನು ಬ್ಲೇಡಿನಲ್ಲಿ ಸುತ್ತ ಕೊಯ್ದು ತೆಗೆದೆವು. ಕಾಗದದ ಕೆಳಗಿದ್ದ ಅಡ್ಡ ದಾರ ಇಲ್ಲೂ ಉಪಯೋಗಕ್ಕೆ ಬಂತು. ಎರಡು ದಾರ ಕೂಡುವ ಪಕ್ಕದಲ್ಲಿ ಸಣ್ಣ ಎಲ್‌ಇಡಿ ಬಲ್ಬಿನ ವಯರ್ ಇಳಿಸಿ ಕಟ್ಟಿದೆವು. ಬಿಸಿಯಾಗುವ ಹಳೇ ಬಲ್ಬ್ ಇದರಲ್ಲಿ ಬೇಡವೇ ಬೇಡ. ಉಳಿದ ಎರಡು ಗುಂಪು ಒಂದೊಂದು ಚೌಕ ಕಾಗದ ಉಳಿಸಿಕೊಂಡವು. ಈ ಚೌಕ ಆಮೇಲೆ ಕೆಲಸಕ್ಕೆ ಬಂತು.

ಬುಧವಾರ ಸಂಜೆ ಶಾಲೆಯ ಜಗಲಿಯಲ್ಲಿ ಮೂರನ್ನೂ ತೂಗುಹಾಕಿ ಮನೆಗೆ ಹೋದೆವು. ತುಲಾ ತಿಂಗಳ ಮಳೆ ಹೇಗೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನದವರೆಗೆ ಸುಡುಬಿಸಿಲು, ಸಂಜೆ ಗುಡುಗು. ಗುರುವಾರ ರಾತ್ರಿ ಗಾಳಿಯೊಂದಿಗೆ ಬಂದ ಮಳೆ ಜಗಲಿಯೊಳಗೂ ಹೊಕ್ಕಿತು. ಶುಕ್ರವಾರ ಬೆಳಿಗ್ಗೆ ರಾಜ್ಯೋತ್ಸವದ ಧ್ವಜಾರೋಹಣಕ್ಕೆ ಬಂದಾಗ ಗುಲಾಬಿ ಬಣ್ಣ ಬಿಟ್ಟು ಸುಣ್ಣದ ಗೋಡೆಯ ಮೇಲೆ ಉದ್ದಕ್ಕೆ ಇಳಿದಿತ್ತು. ಹೊರಗಿನ ಅಂಚಿಗೆ ಇದ್ದ ಗೂಡಿನ ಒಂದು ಚೌಕ ಹರಿದಿತ್ತು. ಅಂಟಿಗೆ ಇರುವೆ ಸಾಲು ಬೇರೆ.

ಗೋಡೆ ನೋಡಿ ಮುಖ್ಯ ಶಿಕ್ಷಕರು ಏನೂ ಹೇಳಲಿಲ್ಲ, ಅದೇ ಹೆದರಿಕೆ. ಧ್ವಜಾರೋಹಣ, ಮಿಠಾಯಿ ಮುಗಿದ ಮೇಲೆ ಆರೇಳು ಮಕ್ಕಳು ರಿಪೇರಿಗೆ ಕೂತರು. ಬಿಡಿಸಿ ಹೊಸದು ಹಚ್ಚಿದರೆ ಅಡ್ಡ ದಾರವೂ ಹೋದೀತು. ತೇಪೆ ಸಾಕು. ತೂತು ನಾಲ್ಕಕ್ಕೆ ಆರು ಸೆಂ.ಮೀ., ಅಂದರೆ 24. ಉಳಿಸಿದ ಗುಲಾಬಿ ಚೌಕದಿಂದ ತೇಪೆ ಕತ್ತರಿಸಲು ಸ್ಕೇಲ್ ಇಟ್ಟವನು ತಡೆದು ಕೇಳಿದ, "ಮಡಿಕೆ ಬೇಕಲ್ಲ?" ಸುತ್ತ ಒಂದೊಂದು ಸೆಂ.ಮೀ. ಬಿಟ್ಟ. ಆರಕ್ಕೆ ಎಂಟು. 48. "ತೂತಿನ ಡಬಲ್ ತೇಪೆ" ಅಂತ ಎಲ್ಲರಿಗೂ ನಗು. ಅಂಟಿಸಿ, ಬಿಸಿಲಿಗೆ ಒಣಗಿಸಿ, ಈ ಸಲ ಮೂರನ್ನೂ ಒಳಗಿನ ಕಿಟಕಿಗೆ ಕಟ್ಟಿದೆವು. ಸೋಮವಾರ ನೋಡಿದಾಗ ಹೊಸ ತೇಪೆ ಹಳೇ ಕಾಗದಕ್ಕಿಂತ ಗಾಢ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು.

ಅದೇ ಸೋಮವಾರ, ನವೆಂಬರ್ 4, ಬೇಲಿಯ ಲೆಕ್ಕವನ್ನು ಅಂಕಿ ಬದಲಿಸಿ ಮತ್ತೆ ಕೊಟ್ಟೆ. ಇಬ್ಬರು ಈಗಲೂ ಗುಣಿಸಿದರು. ಒಬ್ಬಳು ಉತ್ತರದ ಪಕ್ಕದಲ್ಲಿ "ಇದು ಕಡ್ಡಿ ಲೆಕ್ಕ" ಅಂತ ಬರೆದಿದ್ದಳು. ಅದರ ಕೆಳಗಿನ ಪ್ರಶ್ನೆ, ಕೋಣೆಗೆ ಟೈಲ್ಸ್ ಹಾಕುವುದು, ಅದರ ಪಕ್ಕದಲ್ಲಿ "ಕಾಗದ ಲೆಕ್ಕ". ಇನ್ನೊಬ್ಬ ಟೈಲ್ಸಿನ ಉತ್ತರ ಸರಿಯಾಗಿ ಬರೆದು, ಕೆಳಗೆ ಸೇರಿಸಿದ್ದ: "ಸ್ವಲ್ಪ ಜಾಸ್ತಿ ತರಬೇಕು." ಅಂಕ ಪೂರ್ತಿ ಕೊಟ್ಟೆ.

ಉಳಿದ 72 ಕಡ್ಡಿ ಕಪಾಟಿನಲ್ಲಿದೆ. ಚೌಕ ಮಡಿಸಿ ನೋಡಿದ ನಾಲ್ಕನ್ನೂ ಬಿಚ್ಚಿ ಅದಕ್ಕೇ ಸೇರಿಸಿದ್ದೇವೆ. ಕ್ರಿಸ್‌ಮಸ್‌ಗೆ ನಕ್ಷತ್ರ ಮಾಡುವುದು ಅಂತ ಮಕ್ಕಳೇ ನಿಶ್ಚಯ ಮಾಡಿದ್ದಾರೆ. ಗೋದಲಿ ಕಟ್ಟುವ ಮನೆಯ ಹುಡುಗ ಬೆಳಿಗ್ಗೆಯೇ ಚೀಟಿ ತಂದ. ಐದು ಮೂಲೆಯ ನಕ್ಷತ್ರಕ್ಕೆ ಸುತ್ತ 10 ಕಡ್ಡಿ, 72ರಲ್ಲಿ ಏಳು ನಕ್ಷತ್ರ, ಎರಡು ಕಡ್ಡಿ ಬಾಕಿ. ಚೀಟಿ ನನ್ನ ಕೈಗೆ ಬರುವ ಮೊದಲೇ ಕಿಟಕಿ ಪಕ್ಕದವಳು ಇಣುಕಿದಳು.

"ಹಿಂದೆ ಮಗ್ಗುಲಿಗೆ ಕಡ್ಡಿ ಬೇಡವಾ?"

ಅವನು ಚೀಟಿ ಹಿಂದಕ್ಕೆ ತೆಗೆದುಕೊಂಡ. ಇಬ್ಬರೂ ನೆಲದ ಮೇಲೆ ಕೂತು ಕಡ್ಡಿ ಜೋಡಿಸತೊಡಗಿದರು.